ಇನ್ಮೇಲೆ ಮಷಿನ್ ನೋಡದೆ ರ್‍ಯಾಮ್ ಕೊಡುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ, ಆಮೇಲೆ ಬೈಯುವವರು ಬೈಯಲಿ. ಬರುವ ಸೋಮವಾರದಿಂದ ನಮ್ಮ ಕಂಪ್ಯೂಟರ್ ಅಂಗಡಿಗೆ ಬಂದು "ಒಂದು 8 ಜಿಬಿ ರ್‍ಯಾಮ್ ಕೊಡ್ರಿ" ಅಂದರೆ ಕೊಡುವುದಿಲ್ಲ. (ರ್‍ಯಾಮ್ ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿ ಪಟ್ಟಿ.) ಸಿಪಿಯು ಡಬ್ಬವನ್ನೋ ಲ್ಯಾಪ್‌ಟಾಪನ್ನೋ ಜೊತೆಗೆ ತರಬೇಕು. ಆಗದಿದ್ದರೆ ಒಳಗಿರುವ ಹಳೇ ರ್‍ಯಾಮ್ ಬಿಚ್ಚಿ ತನ್ನಿ. ಅದೂ ಆಗದಿದ್ದರೆ ಅದರ ಮೇಲಿನ ಸ್ಟಿಕ್ಕರ್ ಫೋಟೋ ಹೊಡೆದು ತನ್ನಿ. ಪ್ಯಾಕೆಟ್ ಒಡೆದ ರ್‍ಯಾಮನ್ನು "ಕೂರಲಿಲ್ಲ" ಅಂತ ತಂದರೆ ವಾಪಸ್ ತಗೊಳ್ಳುವುದಿಲ್ಲ. ಆದರೆ ಮಷಿನ್ ನೋಡಿ ನಾವೇ ಹಾಕಿಕೊಟ್ಟದ್ದು ಓಡದಿದ್ದರೆ ಪೂರ್ತಿ ಹೊಣೆ ನಮ್ಮದು. ಹೀಗೆ ಬಿಚ್ಚಿ ನೋಡುವುದಕ್ಕೆ ₹100. ರ್‍ಯಾಮ್ ನಮ್ಮಲ್ಲೇ ತಗೊಂಡರೆ ಆ ನೂರನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ನಾವು ಹೇಳುವ ರೇಟು ಆ ದಿನಕ್ಕೆ ಮಾತ್ರ.

ಇಷ್ಟು ವರ್ಷ ಇಲ್ಲದ ರೂಲು ಈಗ ಯಾಕೆ ಅಂತ ಕೇಳುತ್ತೀರಿ. ಗಲ್ಲಾದ ಕೆಳಗಿನ ಡ್ರಾಯರ್ ಎಳೆದು ತೋರಿಸಿದರೆ ಗೊತ್ತಾಗುತ್ತದೆ. ಅಲ್ಲಿ ಹದಿನೇಳು ರ್‍ಯಾಮ್ ಬಿದ್ದಿವೆ. ಒಂದೂ ಕೆಟ್ಟಿಲ್ಲ. ಎಲ್ಲವೂ "ಕೂರಲಿಲ್ಲ" ಅಂತ ವಾಪಸ್ ಬಂದವು. ಸಿಕಂದರಾಬಾದಿನ ಹೋಲ್‌ಸೇಲ್‌ನವರು ಒಡೆದ ಪ್ಯಾಕೆಟ್ ಮುಟ್ಟುವುದಿಲ್ಲ. ಅದನ್ನೇ ಹೊಸದು ಅಂತ ಇನ್ನೊಬ್ಬರಿಗೆ ಮಾರುವ ಬುದ್ಧಿ ನಮಗಿಲ್ಲ. ಬಳಸಿದ್ದು ಅಂತ ಹೇಳಿ ಕಡಿಮೆ ರೇಟಿಗೆ ಕೊಡುತ್ತೇವೆ, ಕಮ್ಮಿಯಾದದ್ದು ನಮ್ಮ ಕೈಯಿಂದ. ಬಸ್ಸಿಗೆ ಹಾಕಿದ ಪಾರ್ಸೆಲ್ ದುಡ್ಡನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈಗ ಆ ಮಾತಿಗೆ ಬರೋಣ. ಈ ಆರು ತಿಂಗಳಲ್ಲಿ ಎಷ್ಟು ಸಲ ಕೇಳಿದ್ದೇವೋ! "ಅಲ್ರೀ, 8 ಜಿಬಿ ಅಂದ್ರ 8 ಜಿಬಿನೇ ಅಲ್ಲೇನ್ರೀ? ತಪ್ಪು ಮಾಲು ಕೊಟ್ಟು ನಮ್ ಮ್ಯಾಲೆ ಯಾಕ ಹಾಕ್ತೀರಿ?"

ಅಲ್ಲರೀ. 8 ಜಿಬಿ ಅನ್ನುವುದು ಅದರ ಅಳತೆ ಅಷ್ಟೇ, ಜಾತಿ ಬೇರೆ. ಡಿಡಿಆರ್ ಮುಂದಿನ ಅಂಕಿಯೇ ಆ ಜಾತಿ. ಡಿಡಿಆರ್3 ಬಂದದ್ದು 2007ರಲ್ಲಿ, ಡಿಡಿಆರ್4 2014ರಲ್ಲಿ, ಡಿಡಿಆರ್5ರ ನಿಯಮ ಹೊರಬಂದದ್ದು 2020ರಲ್ಲಿ. ಡೆಸ್ಕ್‌ಟಾಪ್‌ನ ಡಿಡಿಆರ್3ಕ್ಕೆ 240 ಪಿನ್ನು, ಡಿಡಿಆರ್4ಕ್ಕೆ 288. ಡಿಡಿಆರ್5ಕ್ಕೂ 288ನೇ, ಆದರೆ ಕೆಳಗಿನ ಕಟ್ ಇರುವ ಜಾಗ ಬೇರೆ. ಲ್ಯಾಪ್‌ಟಾಪ್‌ದು ಗಿಡ್ಡ, ಅದರ ಪಿನ್ನು ಇದೇ ಕ್ರಮದಲ್ಲಿ 204, 260, 262. ಆ ಕಟ್ ಮಾಡಿರುವುದೇ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರಬಾರದು ಅಂತ. ಕೂರಲಿಲ್ಲ ಅಂದರೆ ಅದು ಒಂದು ರೀತಿ ನಿಮ್ಮನ್ನು ಕಾಪಾಡಿತು ಅಂತಲೇ ತಿಳಿಯಿರಿ. ಒಬ್ಬರ ಅಳಿಯ ಜೋರಾಗಿ ಒತ್ತಿ ಸ್ಲಾಟಿನ ಪ್ಲಾಸ್ಟಿಕ್ಕೇ ಮುರಿದ. ಆ ಮದರ್‌ಬೋರ್ಡಿನ ದುಡ್ಡನ್ನೂ ನಮ್ಮಿಂದ ಕೇಳಿದರು.

ಇದಕ್ಕಿಂತ ಕಷ್ಟ ಏನಂದರೆ, ಕೂತರೂ ಓಡದ ರ್‍ಯಾಮ್. ಡಿಡಿಆರ್3ರಲ್ಲೇ ಎರಡು ಬಗೆ. ಮಾಮೂಲಿದು 1.5 ವೋಲ್ಟ್. ಹೆಸರಿನ ಕೊನೆಗೆ 'ಎಲ್' ಇರುವ ಡಿಡಿಆರ್3ಎಲ್ 1.35 ವೋಲ್ಟ್. ಪಿನ್ನೂ ಅದೇ, ಕಟ್ಟೂ ಅದೇ. ಆದರೆ ಇಂಟೆಲ್ ನಾಲ್ಕನೇ ಜನರೇಷನ್ ಪ್ರೊಸೆಸರ್ ಬಂದ ಆಮೇಲಿನ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ 'ಎಲ್' ಇರುವುದೇ ಬೇಕು. ಮಾಮೂಲಿದು ಹಾಕಿದರೆ ಕ್ಲಿಪ್ ಟಕ್ ಅಂತ ಕೂರುತ್ತದೆ, ಫ್ಯಾನು ತಿರುಗುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ.

ಇಲ್ಲಿ ನಮ್ಮದೂ ಒಂದು ತಪ್ಪಿದೆ, ಒಪ್ಪಿಕೊಳ್ಳುತ್ತೇವೆ. ಮಾನ್ವಿಯಿಂದ ಬಂದ ಅಣ್ಣನವರೊಬ್ಬರಿಗೆ ನಮ್ಮ ಹುಡುಗ 'ಎಲ್' ಇಲ್ಲದ್ದನ್ನು ಕೊಟ್ಟು ಕಳಿಸಿದ್ದ. ಅವರು ಎರಡು ಸಲ ಬಸ್ ಹತ್ತಿ ಬರಬೇಕಾಯಿತು. ದುಡ್ಡು ವಾಪಸ್ ಕೊಟ್ಟೆವು, ಬಿಸಿಲಲ್ಲಿ ಅಲೆದದ್ದನ್ನು ಹೇಗೆ ವಾಪಸ್ ಕೊಡುವುದು? ನೀವು ಇದನ್ನು ಓದುತ್ತಿದ್ದರೆ, ಅಣ್ಣ, ಕ್ಷಮಿಸಿ. ಈ ಹೊಸ ರೂಲು ಹುಟ್ಟಿದ್ದೇ ಆ ದಿನ.

"ನಮ್ದು ಐ3, ಆರನೇ ಜನರೇಷನ್" ಅಂತ ಹೇಳಿದರೂ ಸಾಲದು. ಆರನೇ ಜನರೇಷನ್ನಿನಲ್ಲಿ ಡಿಡಿಆರ್3ಎಲ್ ಬೋರ್ಡೂ ಇವೆ, ಡಿಡಿಆರ್4 ಬೋರ್ಡೂ ಇವೆ. ಹನ್ನೆರಡು, ಹದಿಮೂರು, ಹದಿನಾಲ್ಕರಲ್ಲಿ ಡಿಡಿಆರ್4, ಡಿಡಿಆರ್5 ಎರಡೂ ಸಿಗುತ್ತವೆ. ಪ್ರೊಸೆಸರ್ ಒಂದೇ, ಬೋರ್ಡು ಬೇರೆ. ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಬೋರ್ಡಿಗೆ ಡಿಡಿಆರ್5 ಬಿಟ್ಟು ಬೇರೆ ಮಾತೇ ಇಲ್ಲ. ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ಕೆಲವರಲ್ಲಿದೆಯಲ್ಲ, ಅವುಗಳಲ್ಲಿ ಎಷ್ಟೋ ಕಡೆ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸ್ಲಾಟೇ ಇಲ್ಲದಿದ್ದರೆ ಹಾಕುವುದೆಲ್ಲಿ? ಇದನ್ನೆಲ್ಲ ಕೌಂಟರಿನ ಆಚೆ ನಿಂತವರ ಮುಖ ನೋಡಿ ಹೇಳೋಕಾಗಲ್ಲ.

ಆನ್‌ಲೈನ್‌ನಲ್ಲಿ ಅರ್ಧ ರೇಟಿಗೆ ಸಿಕ್ಕಿತು ಅಂತ 16 ಜಿಬಿ ಡಿಡಿಆರ್4 ತಂದು ನಮ್ಮ ಮುಂದೆ ಇಡುವವರೂ ಇದ್ದಾರೆ. ಹೆಚ್ಚಾಗಿ ಅದು ಸರ್ವರಿನಿಂದ ಕಿತ್ತ ರಿಜಿಸ್ಟರ್ಡ್ ರ್‍ಯಾಮ್. 288 ಪಿನ್ನೇ, ಕಟ್ಟೂ ಅಲ್ಲೇ. ಸುಮ್ನೆ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ, ಸರಿಯಾಗಿ ನೋಡಿದರೆ ನಡುವೆ ಒಂದು ಬೇರೆ ಚಿಪ್ಪು ಕಾಣುತ್ತದೆ. ಮನೆಯ ಡೆಸ್ಕ್‌ಟಾಪ್ ಅದನ್ನು ಎತ್ತುವುದಿಲ್ಲ. ಅದಕ್ಕೆ ನಾವೇನು ಮಾಡೋಣ ಹೇಳಿ.

ಎಲ್ಲದಕ್ಕೂ ಹೆದರಬೇಕಿಲ್ಲ. ಸ್ಪೀಡ್ ಬೇರೆ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. 2400ರ ಡಿಡಿಆರ್4 ಪಕ್ಕದಲ್ಲಿ 3200ರದ್ದು ಹಾಕಿದರೆ ಎರಡೂ 2400ರಲ್ಲಿ ಓಡುತ್ತವೆ, ಜೋಡೆತ್ತಿನ ಹಾಗೆ, ನಿಧಾನದ್ದರ ಹೆಜ್ಜೆಗೆ. ನಿಮ್ಮಲ್ಲಿ ಏನಿದೆ ಅಂತ ಮನೆಯಲ್ಲೇ ಸ್ವಲ್ಪ ತಿಳಿಯಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಸ್ಪೀಡ್, ಎಷ್ಟು ಸ್ಲಾಟ್ ತುಂಬಿವೆ, ಎರಡೂ ಅಲ್ಲಿವೆ. 1333, 1600 ಇದ್ದರೆ ಬಹುತೇಕ ಡಿಡಿಆರ್3. 2133ರಿಂದ 3200 ಇದ್ದರೆ ಡಿಡಿಆರ್4. 4800, 5600 ಇದ್ದರೆ ಡಿಡಿಆರ್5. ಸ್ಟಿಕ್ಕರಿನಲ್ಲಿ ಪಿಸಿ3ಎಲ್-12800 ಅಂತಿದ್ದರೆ ಆ 12800 ಜಿಬಿ ಅಲ್ಲ ಮತ್ತೆ! ಅದೇ 1600 ಸ್ಪೀಡನ್ನು ಎಂಟರಿಂದ ಗುಣಿಸಿದ್ದು.

ಇನ್ನು ರೇಟು. "ಹೋದ ವರ್ಷ ಇಷ್ಟಕ್ಕೆ ಕೊಟ್ಟಿದ್ರಿ, ಈಗ ದೋಚ್ತೀರಿ" ಅನ್ನುವ ಮಾತು ನಿಜವಾಗಿ ನೋಯುತ್ತದೆ. ಜಗತ್ತಿನ ಮೆಮೊರಿ ಚಿಪ್ಪಿನಲ್ಲಿ ಬಹುಪಾಲು ಮಾಡುವುದು ಮೂರೇ ಕಂಪನಿ: ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಸರ್ವರುಗಳಿಗೆ ಬೇಕಾದ ದುಬಾರಿ ಮೆಮೊರಿಯ ಕಡೆಗೆ ಕಾರ್ಖಾನೆಗಳು ತಿರುಗಿದವು. ನಮ್ಮ ನಿಮ್ಮ ಡೆಸ್ಕ್‌ಟಾಪಿಗೆ ಬರುವ ಮಾಲು ಕಡಿಮೆಯಾಯಿತು, 2025ರ ಕೊನೆಗೆ ರೇಟು ಏರುತ್ತಲೇ ಹೋಯಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್, ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರ ನಿಲ್ಲಿಸುವುದಾಗಿಯೇ ಹೇಳಿತು. ಅಲ್ಲಿ ಆದದ್ದಕ್ಕೆ ತೀನ್ ಕಂದಿಲ್ ಹತ್ತಿರದ ನಾವು ಬೈಸಿಕೊಳ್ಳುತ್ತಿದ್ದೇವೆ. ಹೋಲ್‌ಸೇಲ್‌ನವರು ಬೆಳಿಗ್ಗೆ ಹೇಳಿದ ರೇಟು ಸಂಜೆಗೆ ಇರುವುದಿಲ್ಲ. ಅದರ ಮೇಲೆ ಶೇ. 18 ಜಿಎಸ್‌ಟಿ. ರಾಜೇಂದ್ರ ಗಂಜ್‌ನಲ್ಲಿ ಹತ್ತಿ ಮಾರುವವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಬೆಳಿಗ್ಗೆಯ ಭಾವು ಮಧ್ಯಾಹ್ನಕ್ಕೆ ಇರುತ್ತದೆಯೇ? ಹೋದ ವಾರದ ಚೀಟಿ ಹಿಡಿದು ಬಂದರೆ ಆ ರೇಟಿಗೆ ನಾವು ಕೊಡಲಾರೆವು. ಬೇಕಿದ್ದರೆ ನಮ್ಮ ಖರೀದಿ ಬಿಲ್ ತೋರಿಸುತ್ತೇವೆ, ಮುಚ್ಚುಮರೆ ಇಲ್ಲ.

ಇನ್ನೂ ಒಂದು. ಮಷಿನ್ ತನ್ನಿ ಅನ್ನುವುದು ರ್‍ಯಾಮ್ ಮಾರುವುದಕ್ಕೆ ಮಾತ್ರ ಅಲ್ಲ. ಎಷ್ಟೋ ಸಲ ನಾವೇ ಬೇಡ ಅಂತ ಕಳಿಸಿದ್ದೇವೆ. ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ 4 ಜಿಬಿ ಇತ್ತು, ಇನ್ನೊಂದು 4 ಹಾಕಿ ಅಂದರು. ನೋಡಿದರೆ ವಿಂಡೋಸ್ 32 ಬಿಟ್! ಅದು 4 ಜಿಬಿಯ ಮೇಲೆ ಬಳಸುವುದೇ ಇಲ್ಲ. ರ್‍ಯಾಮ್ ಮಾರಿಬಿಟ್ಟಿದ್ದರೆ ನಮಗೆ ಲಾಭ, ಅವರಿಗೆ ಲೆಕ್ಕದ ಸಾಫ್ಟ್‌ವೇರ್ ಅದೇ ಆಮೆ ನಡಿಗೆ. ವಿಂಡೋಸ್ ಬದಲಿಸಿ, ಹಳೇ ಹಾರ್ಡ್‌ಡಿಸ್ಕ್ ತೆಗೆದು ಅದರ ಬದಲು ವೇಗವಾಗಿ ಓಡುವ ಎಸ್‌ಎಸ್‌ಡಿ ಹಾಕಿಕೊಟ್ಟೆವು. ಈಗಿನ ರ್‍ಯಾಮ್ ರೇಟಿನಲ್ಲಿ ಎಷ್ಟೋ ಜನಕ್ಕೆ ಮೊದಲು ಬೇಕಿರುವುದು ಎಸ್‌ಎಸ್‌ಡಿ. ಅದನ್ನೂ ನೋಡಿಯೇ ಹೇಳಬೇಕು.

ನೂರು ರೂಪಾಯಿ ಜಾಸ್ತಿ ಅನ್ನಿಸಿದವರು ಬಂದು ಮಾತಾಡಿ. ಓದುವ ಹುಡುಗರಿಗೆ ಆ ನೂರು ಇಲ್ಲ. ಪರೀಕ್ಷೆ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟರೆ ಶಟರ್ ಎಳೆದ ಮೇಲೂ ಬಾಗಿಲು ತಟ್ಟಿ, ಮೊದಲಿನ ಹಾಗೆಯೇ.

ಇನ್ನು, ಮಷಿನ್ ಆನ್ ಆಗದೆ ಬರೀ ಬೀಪ್ ಹೊಡೆಯುತ್ತಿದ್ದರೆ ಹೊಸ ರ್‍ಯಾಮ್ ತಗೊಳ್ಳಲು ಓಡಿಬರಬೇಡಿ. ನಮ್ಮೂರಿನ ಧೂಳಿಗೆ ಆ ಬಂಗಾರದ ಬಣ್ಣದ ಪಿನ್ನು ಕಪ್ಪಾಗಿರುತ್ತವೆ. ಕರೆಂಟ್ ವೈರ್ ಕಿತ್ತು, ರ್‍ಯಾಮ್ ತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಎಷ್ಟೋ ಸಲ ಅಷ್ಟಕ್ಕೇ ಎದ್ದು ಕೂರುತ್ತದೆ. ಧೈರ್ಯ ಬರದಿದ್ದರೆ ನಮ್ಮ ಹತ್ತಿರ ತನ್ನಿ. ಉಜ್ಜಿ ಕೊಡುವುದಕ್ಕೆ ದುಡ್ಡಿಲ್ಲ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಾತ್ರ ಬೇಡ, ಊಟಕ್ಕೆ ಹೋಗಿರುತ್ತೇವೆ.

ನಿಮ್ಮ ಅಂಗಡಿಯವರು
ತೀನ್ ಕಂದಿಲ್ ಹತ್ತಿರ, ರಾಯಚೂರು