ಮಗಳಿಗೊಂದು ಪತ್ರ: ‘ಅಂತೆ’ ಕಂಡಲ್ಲೆಲ್ಲ ಉಪಮೆಯಲ್ಲ

ಪುಟ್ಟೀ,

ಅಲಂಕಾರದ ಪ್ರಶ್ನೆಯಲ್ಲಿ ಮತ್ತೆ ಅಂಕ ಹೋಯ್ತು ಅಂತ ಮೊನ್ನೆ ಫೋನಿನಲ್ಲಿ ನೀನು ಅತ್ತೆ. ಆಮೇಲೆ ಕಳಿಸಿದ ಉತ್ತರಪತ್ರಿಕೆಯ ಫೋಟೋ ನೋಡಿದೆ. ಲಕ್ಷಣ ಎಲ್ಲ ಸರಿಯಾಗಿಯೇ ಬರೆದಿದ್ದೀಯ. ತಪ್ಪಿದ್ದು ಒಂದೇ ಕಡೆ, ‘ಅಂತೆ’ ಕಂಡ ತಕ್ಷಣ ಉಪಮೆ (ಹೋಲಿಕೆಯ ಅಲಂಕಾರ) ಅಂತ ಬರೆದುಬಿಟ್ಟಿದ್ದೀಯ.

ಪುಸ್ತಕದ ಉದಾಹರಣೆಯ ಸೀತೆಯ ಮುಖ, ಕಮಲ ಎಲ್ಲ ಸ್ವಲ್ಪ ಪಕ್ಕಕ್ಕಿಡು. ಕಮಲ ನೋಡಿ ನಾವಿಬ್ಬರೂ ಎಷ್ಟು ವರ್ಷವಾಯ್ತೋ! ನಿನ್ನ ತಮ್ಮನನ್ನೇ ತೆಗೆದುಕೋ. ‘ತಮ್ಮ ಕುಂಭಕರ್ಣನಂತೆ ನಿದ್ದೆ ಮಾಡುತ್ತಾನೆ.’ ಯಾರನ್ನು ಹೋಲಿಸುತ್ತೇವೋ ಆ ತಮ್ಮ ಉಪಮೇಯ, ಯಾರಿಗೆ ಹೋಲಿಸುತ್ತೇವೋ ಆ ಕುಂಭಕರ್ಣ ಉಪಮಾನ, ಹೋಲಿಕೆ ತೋರಿಸುವ ‘ಅಂತೆ’ ವಾಚಕ ಪದ, ಇಬ್ಬರಲ್ಲೂ ಇರುವ ನಿದ್ದೆ ಸಮಾನಧರ್ಮ. ನಾಲ್ಕೂ ಇವೆ, ಹಾಗಾಗಿ ಪೂರ್ಣೋಪಮೆ. ಇಲ್ಲಿ ಇಬ್ಬರೂ ಬೇರೆ ಬೇರೆ, ಸುಮ್ನೆ ಹೋಲಿಸಿದ್ದೇವೆ ಅಷ್ಟೇ. ಎಂಟು ಗಂಟೆಯಾದರೂ ಅವನು ಏಳದಿದ್ದಾಗ ನಾನು ರೇಗಿ ‘ಇವನು ಕುಂಭಕರ್ಣನೇ’ ಅನ್ನುತ್ತೇನಲ್ಲ, ಆಗ ಇಬ್ಬರನ್ನೂ ಒಂದೇ ಮಾಡಿಬಿಟ್ಟೆ, ಅದು ರೂಪಕ. ‘ಕುಂಭಕರ್ಣನೇ ನಮ್ಮ ಮನೆಯಲ್ಲಿ ಮತ್ತೆ ಹುಟ್ಟಿ ಬಂದನೋ ಎಂಬಂತೆ ಮಲಗಿದ್ದಾನೆ’ ಅಂದರೆ? ಇಲ್ಲೂ ‘ಅಂತೆ’ ಇದೆ. ಆದರೆ ಹೋಲಿಸುತ್ತಿಲ್ಲ, ಆಗದ್ದನ್ನು ಆಯಿತೇನೋ ಅಂತ ಕಲ್ಪಿಸಿಕೊಳ್ಳುತ್ತಿದ್ದೇವೆ. ಇದು ಉತ್ಪ್ರೇಕ್ಷೆ. ನೀನು ಎಡವಿದ್ದು ಇಲ್ಲೇ.

ಒಂದು ಮಾತಿಗೆ ಇನ್ನೊಂದು ಮಾತು ಪ್ರತಿಬಿಂಬದ ಹಾಗೆ ನಿಲ್ಲುವ ದೃಷ್ಟಾಂತ ನಿನಗೆ ಬರುತ್ತದೆ, ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ನೆನಪಿದ್ದರೆ ಸಾಕು. ಒಂದೇ ಪದಕ್ಕೆ ಎರಡರ್ಥ ಬರುವ ಶ್ಲೇಷೆಗೆ ಈ ಪತ್ರದ ಮೊದಲ ಸಾಲನ್ನೇ ನೋಡು. ‘ನೀನು ಅತ್ತೆ’ ಅಂತ ಬರೆದಿದ್ದೇನೆ, ನಿಮ್ಮ ಅತ್ತೆ ಓದಿದರೆ ತಮ್ಮ ವಿಷಯವೇ ಬಂತು ಅಂದುಕೊಂಡಾರು!

ಇದನ್ನೆಲ್ಲ ಪರೀಕ್ಷೆಗೆ ಅಂತ ಹುಟ್ಟಿಸಿದ ಕಾಟ ಅಂದುಕೊಳ್ಳಬೇಡ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ‘ಕವಿರಾಜಮಾರ್ಗ’, ಸುಮಾರು 850ರದು, ಅದೇ ಅಲಂಕಾರ ಹೇಳಿಕೊಡುವ ಪುಸ್ತಕ. ಸಂಸ್ಕೃತದಲ್ಲಿ ದಂಡಿ ಬರೆದ ‘ಕಾವ್ಯಾದರ್ಶ’ದಿಂದ ಬಹಳಷ್ಟು ತೆಗೆದುಕೊಂಡಿದೆ. ಆಮೇಲೆ ಬಂದ ಲಕ್ಷ್ಮೀಶನಿಗೆ ‘ಉಪಮಾಲೋಲ’, ಕುಮಾರವ್ಯಾಸನಿಗೆ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಅಂತ ಬಿರುದು. ನನಗಂತೂ ರೂಪಕವೇ ಜಾಸ್ತಿ ಇಷ್ಟ, ಹಾಗೆ ಹೀಗೆ ಅಂತ ಎಳೆಯದೆ ನೇರ ಹೇಳಿಬಿಡುತ್ತದೆ, ನಿಮ್ಮಜ್ಜಿಯ ತರಹ. (ಇದು ಉಪಮೆ ಆಯ್ತು, ಗೊತ್ತು.)

ಭಾನುವಾರ ಫೋನ್ ಮಾಡುತ್ತೇನೆ. ಅಷ್ಟರೊಳಗೆ ನಿಮ್ಮ ಹಾಸ್ಟೆಲ್ ಸಾಂಬಾರಿನ ಮೇಲೆ ಉಪಮೆ, ರೂಪಕ, ಉತ್ಪ್ರೇಕ್ಷೆ ಮೂರೂ ಕಟ್ಟಿಡು, ಅಲ್ಲಿ ಸರಕಿಗೇನೂ ಕೊರತೆಯಿಲ್ಲ ಅಲ್ವಾ. ಕೋಡುಬಳೆ ಅಪ್ಪನ ಕೈಲಿ ಕಳಿಸುತ್ತೇನೆ.

ಅಮ್ಮ