ಮುಚ್ಚಬೇಕಾದ ಗೋಡೆ ಬಿಟ್ಟು ಸಾಗವಾನಿ ಕಂಬ ಮುಚ್ಚಿದ್ದರ ಬಗ್ಗೆ ದೂರು

ಇವರಿಗೆ,
ಮಾಲೀಕರು,
ಮದುವೆ ಡೆಕೋರೇಷನ್ ಸಂಸ್ಥೆ, ಹುಬ್ಬಳ್ಳಿ

ವಿಷಯ: ಹಾವೇರಿಯ ಆರತಕ್ಷತೆಗೆ ಒಪ್ಪಿದ ಹಾಗೆ ಅಲಂಕಾರ ಮಾಡದಿರುವುದು, ಹಣ ವಾಪಸು ಕೊಡುವುದು

ಮಾನ್ಯರೇ,

ಕಳೆದ ಭಾನುವಾರ ಹಾವೇರಿಯಲ್ಲಿ ನನ್ನ ತಂಗಿಯ ಆರತಕ್ಷತೆ ಆಯಿತು. ಡೆಕೋರೇಷನ್ ನಿಮ್ಮದು. ಐದು ದಿನ ಕಳೆದರೂ ಮನೆಯಲ್ಲಿ ಅದೇ ಮಾತು. ಉಳಿದ 15,000 ರೂಪಾಯಿ ಕೊಡಿ ಅಂತ ನಿಮ್ಮ ಆಫೀಸಿನಿಂದ ನಿನ್ನೆ ಮತ್ತೆ ಫೋನ್ ಬಂತು. ಅದಕ್ಕೇ ಈ ಪತ್ರ.

ಆ ಮಂಗಲ ಕಾರ್ಯಾಲಯ ಹಳೆಯದು. ಅದು ನಮಗೆ ಗೊತ್ತಿದ್ದೇ ಹಿಡಿದದ್ದು. ನಮ್ಮ ಅಪ್ಪ-ಅವ್ವನ ಮದುವೆ ಅಲ್ಲೇ ಆಗಿತ್ತು. ಹೈವೇ ಪಕ್ಕದ ಹೊಸ ಎಸಿ ಹಾಲ್ ಬೇಡ, ಇಲ್ಲೇ ಆಗಲಿ ಅಂತ ತಂಗಿಯೇ ಹಟ ಹಿಡಿದಳು. ಗೋಡೆಗೆ ಎದೆಮಟ್ಟದವರೆಗೆ ಹಸಿರು ಆಯಿಲ್ ಪೇಂಟ್, ಅದೂ ತೇವ ಹಿಡಿದು ಹೊಪ್ಪಳಿಕೆ ಎದ್ದಿದೆ. ಟ್ಯೂಬ್‌ಲೈಟಿನ ಬೆಳಕಿಗೆ ಎಲ್ಲರ ಮುಖ ಜ್ವರ ಬಂದವರ ಹಾಗೆ ಕಾಣುತ್ತದೆ. ಆದರೆ ಎರಡು ಸಾಲಿನಲ್ಲಿ ಎಂಟು ಸಾಗವಾನಿ ಕಂಬಗಳಿವೆ, ಬುಡದಲ್ಲಿ ಚಂದದ ಕೆತ್ತನೆ. ನೆಲದ ನಡುವೆ ಮೊಸಾಯಿಕ್‌ನಲ್ಲಿ ಕೆಂಪು-ಕಪ್ಪಿನ ದೊಡ್ಡ ಹೂವು. ಫ್ಯಾನಿನ ರೆಕ್ಕೆಗಳ ಮೇಲೆ ದಾನಿಗಳ ಹೆಸರು ಬರೆದಿದ್ದಾರೆ. ಒಂದರ ಮೇಲೆ ನಮ್ಮ ಅಜ್ಜನ ಹೆಸರಿದೆ.

ಹಾಲ್ ನೋಡಲು ನಿಮ್ಮ ಮ್ಯಾನೇಜರ್ ಬಂದಾಗ ಇದನ್ನೆಲ್ಲ ಒಂದೊಂದಾಗಿ ತೋರಿಸಿದ್ದೆ. ಹಸಿರು ಗೋಡೆ ಮುಚ್ಚಿ, ಕಂಬ ಮುಚ್ಚಬೇಡಿ ಅಂದಿದ್ದೆ. ಗೋಡೆಗುಂಟ ಪೈಪ್ ಫ್ರೇಮ್ ನಿಲ್ಲಿಸಿ ತಿಳಿ ಕೆನೆ ಬಣ್ಣದ ಬಟ್ಟೆ. ಸ್ಟೇಜಿಗೆ ಬಾಳೆ ಕಂಬ, ಮಾವಿನ ತೋರಣ, ಸುಗಂಧರಾಜ ಮತ್ತು ಸೇವಂತಿಗೆ ಮಾಲೆ. ಟ್ಯೂಬ್‌ಲೈಟ್ ಆರಿಸಿ, ಹಳದಿ ಬೆಳಕಿನ ಎಲ್‌ಇಡಿ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ರಾತ್ರಿ ವಾಟ್ಸಾಪಿಗೂ ಕಳಿಸಿದರು. ಒಟ್ಟು 85,000 ರೂಪಾಯಿ. ಅದರಲ್ಲಿ ನಿಜವಾದ ಹೂವಿಗೆ 28,000, ಲೈಟಿಗೆ 12,000. ಆ ಮೆಸೇಜ್ ಈಗಲೂ ನನ್ನ ಫೋನಿನಲ್ಲಿದೆ.

ಭಾನುವಾರ ಬೆಳಗ್ಗೆ ಎಂಟಕ್ಕೆ ಬರುತ್ತೇವೆ ಅಂದವರು ಬಂದದ್ದು ಮಧ್ಯಾಹ್ನ ಎರಡೂವರೆಗೆ. ಹುಬ್ಬಳ್ಳಿಯಲ್ಲಿ ಹಿಂದಿನ ದಿನದ ಮದುವೆಯ ಸಾಮಾನು ಬಿಚ್ಚುವುದು ತಡವಾಯಿತಂತೆ. ಗಾಡಿಯಿಂದ ಅದೇ ಸಾಮಾನು ಇಳಿಯಿತು. ಥರ್ಮಾಕೋಲಿನ ಅರಮನೆ, ಧೂಳು ಹಿಡಿದ ಪ್ಲಾಸ್ಟಿಕ್ ಗುಲಾಬಿ, ಮಿಂಚುವ ನೇರಳೆ ಸ್ಯಾಟಿನ್. ಥರ್ಮಾಕೋಲಿಗೆ ನಮ್ಮ ಕಣ್ಣೆದುರೇ ಬಂಗಾರದ ಬಣ್ಣದ ಸ್ಪ್ರೇ ಹೊಡೆದರು. ಆ ಬಣ್ಣದ ಕೆಳಗೆ ಹಿಂದಿನ ಜೋಡಿಯ ಹೆಸರು ಹಾಗೇ ಕಾಣುತ್ತಿತ್ತು. ನನ್ನ ತಂಗಿ ಇನ್ನೊಬ್ಬ ಹುಡುಗಿಯ ಹೆಸರಿನ ಕೆಳಗೆ ಕೂತಳು. ನಿಮ್ಮ ಮನೆಯ ಮಗಳಾಗಿದ್ದರೆ ಸುಮ್ನೆ ಇರುತ್ತಿದ್ದಿರಾ?

ನೇರಳೆ ಬಟ್ಟೆಯನ್ನು ಎಂಟೂ ಕಂಬಕ್ಕೆ ಸುತ್ತಿದರು. ಅದೂ ಹಗ್ಗ ಕಟ್ಟಿ ಅಲ್ಲ, ಎರಡು ಇಂಚಿನ ಮೊಳೆ ಹೊಡೆದು. ಮರುದಿನ ಕಾರ್ಯಾಲಯದವರು ಮತ್ತು ಅಪ್ಪ ಇಕ್ಕಳ ಹಿಡಿದು ಕಿತ್ತ ಮೊಳೆ 23. ಒಂದು ಕಂಬದಲ್ಲಿ ಕೆತ್ತನೆಯ ಹೂವಿನ ಎಸಳೇ ಸೀಳಿದೆ. ಹಸಿರು ಗೋಡೆಗೆ ಬಟ್ಟೆ ಸಾಲಲಿಲ್ಲ ಅಂತ ಹಾಗೇ ಬಿಟ್ಟರು. ಅಪ್ಪ ಸಂಜೆ ಒಳಗೆ ಕಾಲಿಟ್ಟವರೇ, "ಯವ್ವಾ, ನಮ್ಮ ಕಂಬ ಎಲ್ಲಿ ಹೋದವು?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಲೈಟಿನ ವಿಷಯ ಬರೀ ಚಂದದ್ದಲ್ಲ, ಜೀವದ್ದು. ಎಲ್‌ಇಡಿ ಬದಲು 500 ವ್ಯಾಟಿನ 12 ಹ್ಯಾಲೊಜನ್ ತಂದಿದ್ದರು. ಅಂದರೆ 6,000 ವ್ಯಾಟ್, ಸುಮಾರು 26 ಆಂಪಿಯರ್. ಆ ಲೈನಿಗೆ ಇರುವುದು 16 ಆಂಪಿಯರ್ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಬಂದಾಗುವ ಸ್ವಿಚ್. ವೈರಿಂಗ್ ಹಳೆಯದು ಅಂತಲೇ ಎಲ್‌ಇಡಿ ಕೇಳಿದ್ದೆವು ಅಲ್ವಾ? ಮೂರು ಸಲ ಕರೆಂಟ್ ಹೋಯಿತು. ಮೂರನೇ ಸಲ ಬೀಗರ ಮನೆಯ ಹಿರಿಯರು ಸ್ಟೇಜಿನ ಮೆಟ್ಟಿಲ ಮೇಲಿದ್ದರು, ಪಕ್ಕದವರು ಕೈ ಹಿಡಿದುಕೊಂಡರು. ಆಮೇಲೆ ನಾಲ್ಕು ಲೈಟ್ ತೆಗೆದು, ನಾಲ್ಕನ್ನು ಬೇರೆ ಲೈನಿಗೆ ಹಾಕಿದರು. ಸ್ಯಾಟಿನ್‌ಗೆ ಹತ್ತಿರವಿದ್ದ ಒಂದು ಲೈಟಿನ ಶಾಖಕ್ಕೆ ಬಟ್ಟೆಯಲ್ಲಿ ರೂಪಾಯಿ ನಾಣ್ಯದಷ್ಟು ತೂತು ಬಿದ್ದು ಅಂಚು ಕರಗಿತ್ತು. ಅದರ ಕೆಳಗೇ ಮಕ್ಕಳು ಆಡುತ್ತಿದ್ದರು. ಚಾವಣಿ ಮುಚ್ಚುವ ಬಟ್ಟೆಯನ್ನು ಫ್ಯಾನಿನ ಕೆಳಗೆ ಎಳೆದು ಕಟ್ಟಿದ್ದರಿಂದ ಫ್ಯಾನ್ ಹಾಕುವ ಹಾಗೇ ಇರಲಿಲ್ಲ. ಅಜ್ಜನ ಹೆಸರೂ ಅದರ ಮೇಲೆಯೇ ಉಳಿಯಿತು.

ಇನ್ನೊಂದು ಮಾತು. ಹಾವೇರಿಯವರಿಗೆ ಯಾಲಕ್ಕಿ ಹಾರ ಅಂದರೆ ಎಷ್ಟು ಅಭಿಮಾನ ಅಂತ ಹುಬ್ಬಳ್ಳಿಯವರಾದ ನಿಮಗೆ ನಾನು ಹೇಳಬೇಕಿಲ್ಲ. ಸೋದರಮಾವ ಮೊದಲೇ ಹೇಳಿ ಎರಡು ಹಾರ ಮಾಡಿಸಿ ತಂದಿದ್ದರು. ಹಾರ ಹಾಕಿದಾಗ ಆ ಘಮ ಸ್ಟೇಜ್ ತುಂಬಾ ಬರಬೇಕು. ನಮಗೆ ಬಂದದ್ದು ಸ್ಪ್ರೇ ಪೇಂಟಿನ ವಾಸನೆ. ತಂಗಿ ಮನೆಗೆ ಬಂದ ಮೇಲೆ ಹಾರವನ್ನು ಮುಖಕ್ಕೆ ಹಿಡಿದುಕೊಂಡು ಅತ್ತಳು.

ಸಂಜೆ ಐದೂವರೆಗೆ, ದುಡ್ಡು ಕೊಟ್ಟರೇ ಲೈಟ್ ಹಾಕುವುದು ಅಂತ ನಿಮ್ಮ ಮ್ಯಾನೇಜರ್ ನಿಂತರು. ನೆಂಟರು ಬರುವ ಹೊತ್ತು, 30,000 ನಗದು ಕೊಟ್ಟೆವು. ಮೊದಲಿನ ಅಡ್ವಾನ್ಸ್ 40,000 ಸೇರಿ 70,000 ಆಯಿತು. ಬಿಲ್ ಕೇಳಿದರೆ ಆಮೇಲೆ ಅಂದರು. ಹೂವು ಎಲ್ಲಿ ಅಂದರೆ, "ಹಳೇ ಹಾಲ್ ಮೇಡಂ, ಇದಕ್ಕಿಂತ ಜಾಸ್ತಿ ಏನ್ ಮಾಡಾಕ ಆಗ್ತದ?" ಅಂದರು. ಹಾಲ್ ಹಳೆಯದು ಅಂತ ನೋಡಿಯೇ ಅಲ್ವಾ ಅವರು ರೇಟ್ ಹೇಳಿದ್ದು?

ಕೆಲಸಕ್ಕೆ ಬಂದಿದ್ದ ಹುಡುಗರ ಮೇಲೆ ನನ್ನ ದೂರಿಲ್ಲ. ಅವರು ರಾತ್ರಿ ಹನ್ನೊಂದಕ್ಕೆ ಊಟ ಮಾಡಿದರು. ನಾನು ಕೇಳಿಕೊಂಡಾಗ ಒಬ್ಬ ಹುಡುಗ ಸ್ಟೇಜಿನ ಎದುರಿನ ಒಂದು ಕಂಬದ ಬಟ್ಟೆ ಬಿಚ್ಚಿಕೊಟ್ಟ. ಅಪ್ಪ-ಅವ್ವ ಆ ಕಂಬದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅವನ ಸಂಬಳ ಹಿಡಿಯಬೇಡಿ.

ಈಗ ಲೆಕ್ಕ. ನೀವು ತರದೇ ಇದ್ದ ಹೂವಿನ 28,000, ತರದೇ ಇದ್ದ ಎಲ್‌ಇಡಿಯ 12,000, ಸೇರಿ 40,000. ಅದರಲ್ಲಿ ನೀವು ಕೇಳುತ್ತಿರುವ 15,000 ಕಳೆದರೆ 25,000. ಕಂಬದ ರಿಪೇರಿಗೆ ಕಾರ್ಯಾಲಯದವರು ನಮ್ಮ ಡಿಪಾಸಿಟ್‌ನಲ್ಲಿ ಹಿಡಿದದ್ದು 6,500. ಒಟ್ಟು 31,500 ರೂಪಾಯಿಯನ್ನು 15 ದಿನದೊಳಗೆ ವಾಪಸು ಕೊಡಿ. ಪೂರ್ತಿ 85,000ಕ್ಕೆ ಬಿಲ್ ಕೂಡ ಕೊಡಿ. ಹಳೆಯ ಮರಕ್ಕೆ ಮೊಳೆ ಹೊಡೆಯಬಾರದು ಅಂತ ನಿಮ್ಮ ಮ್ಯಾನೇಜರ್‌ಗೆ ದಯವಿಟ್ಟು ಹೇಳಿ.

ಕೊಡದಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಆಮೇಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಈ ಕಾಯ್ದೆಯಲ್ಲಿ ನಾನಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಬಿಲ್ ಕೊಡದಿರುವುದೂ ಅದರಲ್ಲಿ ತಪ್ಪೇ.

ವಾಟ್ಸಾಪ್ ಮೆಸೇಜಿನ ಪ್ರತಿ, ಕಾರ್ಯಾಲಯದ ರಿಪೇರಿ ಚೀಟಿ ಮತ್ತು 14 ಫೋಟೋ ಜೊತೆಗಿಟ್ಟಿದ್ದೇನೆ. ಸೀಳಿದ ಎಸಳಿನ ಫೋಟೋ ಮೊದಲು ನೋಡಿ.

ಇಂತಿ,
ವಧುವಿನ ಅಕ್ಕ
ಹಾವೇರಿ