ಮಕ್ಕಳ ಆನ್‌ಲೈನ್ ಕಿರುಕುಳ: ಶಾಲೆ ಕೈತೊಳೆದುಕೊಳ್ಳಬಾರದು

ಮಾನ್ಯ ಸಂಪಾದಕರೇ,

ಶಿರಸಿ ಸುತ್ತಲಿನ ಹಳ್ಳಿಗಳಲ್ಲೂ ಈಗ ಶಿಕ್ಷಕರು ಮನೆಪಾಠ ಕಳಿಸುವ ವಾಟ್ಸ್‌ಆ್ಯಪ್ ಗುಂಪಿನ ಬೆನ್ನಲ್ಲೇ, ಶಿಕ್ಷಕರಿಲ್ಲದ ಇನ್ನೊಂದು ಗುಂಪನ್ನು ಮಕ್ಕಳೇ ಕಟ್ಟಿಕೊಳ್ಳುತ್ತಿದ್ದಾರೆ. ನಮ್ಮೂರಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ಶಾಲಾ ವಾರ್ಷಿಕೋತ್ಸವದಲ್ಲಿ ಯಕ್ಷಗಾನದ ವೇಷ ಹಾಕಿದ್ದ ಫೋಟೊವನ್ನು ವಿಕಾರಗೊಳಿಸಿ, ಸ್ಟಿಕ್ಕರ್ ಮಾಡಿ ಅಂಥದೇ ಗುಂಪಿನಲ್ಲಿ ಹರಿಬಿಟ್ಟರು. ಅವಳು ದಿನಾ ಬೆಳಿಗ್ಗೆ ಹೊಟ್ಟೆನೋವೆಂದು ಶಾಲೆ ತಪ್ಪಿಸತೊಡಗಿದ ಮೇಲಷ್ಟೇ ಮನೆಯವರಿಗೆ ವಿಷಯ ತಿಳಿಯಿತು. ಶಾಲೆಯವರು ಇದು ಆವರಣದ ಹೊರಗೆ ನಡೆದದ್ದೆಂದು ಕೈತೊಳೆದುಕೊಂಡದ್ದು ನನಗೆ ಅತ್ಯಂತ ನೋವು ತಂದಿದೆ. ಗೇಲಿ ಮಾಡಿದವರೂ ನೊಂದವಳೂ ಕೂರುವುದು ಒಂದೇ ಕೋಣೆಯಲ್ಲಲ್ಲವೇ?

ಇಂಥ ಹೊತ್ತಿನಲ್ಲಿ ಪಾಲಕರು ನೊಂದ ಮಗುವಿನ ಮೊಬೈಲನ್ನೇ ಕಸಿದುಕೊಂಡರೆ ಅದು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. ಸಂದೇಶಗಳನ್ನು ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಮಕ್ಕಳ ಚಿತ್ರವನ್ನು ಅಶ್ಲೀಲವಾಗಿ ತಿರುಚಿ ಹಂಚುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಗಂಭೀರ ಅಪರಾಧವೆಂಬುದು ಬಹಳ ಪಾಲಕರಿಗೆ ಗೊತ್ತೇ ಇಲ್ಲ. ತಪ್ಪು ಮಾಡಿದವರೂ ಮಕ್ಕಳೇ ಆದ್ದರಿಂದ ಅವರಿಗೂ ಆಪ್ತಸಮಾಲೋಚನೆ ಸಿಗಬೇಕು.

ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯಲ್ಲಿ ಈ ವಿಷಯವನ್ನು ತಪ್ಪದೆ ಚರ್ಚೆಗೆ ತೆಗೆದುಕೊಳ್ಳಲಿ ಮತ್ತು ಪ್ರತಿ ಶಾಲೆಯೂ ದೂರು ಕೇಳುವ ಶಿಕ್ಷಕಿಯೊಬ್ಬರನ್ನು ಈ ಶೈಕ್ಷಣಿಕ ವರ್ಷದಲ್ಲೇ ಗೊತ್ತುಪಡಿಸಲಿ ಎಂದು ಜಿಲ್ಲಾಡಳಿತವನ್ನು ಒತ್ತಾಯಿಸುತ್ತೇನೆ.

— ಪಾಲಕರೊಬ್ಬರು, ಶಿರಸಿ